ತಂತಿ ಕಟ್ಟಿದರೆ ಆಯಿತೇ?

ನಮ್ಮ ಕರಾವಳಿಯಲ್ಲಿ ಹಳೆಯ ಕಾರುಗಳಿಗೆ ಈಗ ಶುಕ್ರದೆಸೆ ಬಂದಿದೆ. ಹುಲ್ಲುಕುತ್ರಿಯ ಮಗ್ಗುಲಲ್ಲಿ, ಕೋಳಿ ಮೊಟ್ಟೆಯಿಡುವ ಜಾಗವಾಗಿ ಇಪ್ಪತ್ತು ವರ್ಷ ಬಿದ್ದುಕೊಂಡಿದ್ದ ಅಜ್ಜನ ಫಿಯಟ್ಟು, ಮಾವನ ಅಂಬಾಸಿಡರು, ಯಾರೋ ಕಂತ್ರಾಟುದಾರರು ಬಿಟ್ಟುಹೋದ ಜೀಪು, ಎಲ್ಲವೂ ಒಂದೊಂದಾಗಿ ಹೊರಗೆ ಬರುತ್ತಿವೆ. ಹೊಸ ಬಣ್ಣ, ಹೊಸ ಸೀಟು, ಕನ್ನಡಿಯಂತೆ ಹೊಳೆಯುವ ಬಂಪರು. ಮದುವೆ ದಿಬ್ಬಣದ ಮುಂದೆ ಅವು ಬಂದು ನಿಂತರೆ ಮದುಮಗನನ್ನು ನೋಡುವವರಿಗಿಂತ ಕಾರನ್ನು ನೋಡುವವರೇ ಹೆಚ್ಚು. ಒಳ್ಳೆಯದು, ನನಗೂ ಸಂತೋಷವೇ. ಆದರೆ ಒಂದು ಕೆಲಸ ಮಾಡಿ. ಅಂಥ ಕಾರು ಕಂಡಾಗ ಮಾಲಿಕರ ಅಪ್ಪಣೆ ಕೇಳಿ ಬಾನೆಟ್ಟು ಎತ್ತಿ ನೋಡಿ. ಹತ್ತರಲ್ಲಿ ಏಳೆಂಟು ಕಾರುಗಳ ಕಾರ್ಬೊರೇಟರಿನ ಪಕ್ಕದಲ್ಲಿ, ಚೋಕಿನ ಲಿವರು ಮತ್ತು ಕಂಬಿ ಇರಬೇಕಾದ ಜಾಗದಲ್ಲಿ, ಬೇಲಿ ಕಟ್ಟುವ ಜಿ.ಐ. ತಂತಿಯ ಒಂದು ತುಂಡು ನಿಮಗೆ ಕಾಣುತ್ತದೆ.

ನನ್ನ ವಾದ ಇಷ್ಟೇ: ಹಾಗೆ ತಂತಿ ಕಟ್ಟಿದ ಕಾರು ದುರಸ್ತಿಯಾದ ಕಾರಲ್ಲ, ಬಣ್ಣ ಬಳಿದ ಕಾರು. ಅದನ್ನು ದುರಸ್ತಿಯೆಂದು ಕರೆಯುವವರು, ಹಾಗೆಂದು ಬಿಲ್ಲು ಬರೆಯುವವರು, ಆ ಬಿಲ್ಲನ್ನು ಓದದೆ ಹಣ ಕೊಡುವವರು, ಮೂವರೂ ಸೇರಿ ಒಂದು ಒಳ್ಳೆಯ ಯಂತ್ರವನ್ನು ಅವಮಾನ ಮಾಡುತ್ತಿದ್ದಾರೆ. ಜೊತೆಗೆ ಹಿಂದಿನ ಸೀಟಿನಲ್ಲಿ ಕುಳಿತವರ ಪ್ರಾಣದ ಜೊತೆ ಆಟವಾಡುತ್ತಿದ್ದಾರೆ.

"ಬೆರಳುದ್ದದ ಕಂಬಿಗೆ ಇಷ್ಟೊಂದು ರಗಳೆಯೇ?" ಎಂದು ನೀವು ಕೇಳಬಹುದು. ನಾನು ಮೆಕ್ಯಾನಿಕ್ಕನಲ್ಲ, ಇಂಜಿನಿಯರನೂ ಅಲ್ಲ. ಮೂವತ್ತೈದು ವರ್ಷ ಕುಂದಾಪುರದಲ್ಲಿ ಮೋಟಾರು ಬಿಡಿಭಾಗಗಳ ಅಂಗಡಿಯ ಕೌಂಟರಿನ ಹಿಂದೆ ಕುಳಿತು, ಈಗ ಶಿರೂರಿನ ಮನೆಯಲ್ಲಿ ವಿಶ್ರಾಂತಿಯಲ್ಲಿ ಇರುವವನು. ಕೌಂಟರಿನ ಹಿಂದೆ ಕುಳಿತವನಿಗೆ ಒಂದು ಸೌಕರ್ಯವಿದೆ. ಊರಿನ ಕಾರುಗಳ ಒಳಗುಟ್ಟು ಅವನಿಗೆ ತಿಳಿಯುತ್ತದೆ. ಯಾರು ಏನು ಕೊಂಡರು ಎನ್ನುವುದಕ್ಕಿಂತ ಯಾರು ಏನು ಕೊಳ್ಳಲಿಲ್ಲ ಎನ್ನುವುದು ಅವನಿಗೆ ಚೆನ್ನಾಗಿ ಗೊತ್ತು. ಹಾರನ್ನು, ಸೀಟು ಕವರು, ಕ್ರೋಮಿನ ಚಕ್ರದ ಮುಚ್ಚಳ ಕೇಳಿ ಬಂದವರಿಗೆ ಲೆಕ್ಕವಿಲ್ಲ. ಚೋಕಿನ ಕೇಬಲ್ಲು, ಅದರ ಕ್ಲಿಪ್ಪು, ಅದರ ಲಿವರಿನ ಸ್ಪ್ರಿಂಗು ಕೇಳಿ ಬಂದವರನ್ನು ನಾನು ಕೈಬೆರಳಲ್ಲಿ ಎಣಿಸಬಲ್ಲೆ.

ಮೊದಲು ಚೋಕು ಮಾಡುವ ಕೆಲಸವೇನು ಎಂದು ನೋಡೋಣ. ಪೆಟ್ರೋಲು ದ್ರವವಾಗಿದ್ದಾಗ ಉರಿಯುವುದಿಲ್ಲ. ಆವಿಯಾಗಿ, ಗಾಳಿಯೊಂದಿಗೆ ಬೆರೆತಾಗ ಮಾತ್ರ ಉರಿಯುತ್ತದೆ. ಬಿಸಿಯಾಗಿ ಓಡುತ್ತಿರುವ ಎಂಜಿನ್ನಿಗೆ ತೂಕದ ಲೆಕ್ಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 15 ಪಾಲು ಗಾಳಿ ಸಾಕು. ಆದರೆ ತಣ್ಣಗಿರುವ ಎಂಜಿನ್ನಿನಲ್ಲಿ ಪೆಟ್ರೋಲಿನ ಹಗುರ ಅಂಶ ಮಾತ್ರ ಆವಿಯಾಗುತ್ತದೆ. ಉಳಿದದ್ದು ಕೊಳವೆಯ ಗೋಡೆಗೆ ಇಬ್ಬನಿಯಂತೆ ಅಂಟಿಕೊಳ್ಳುತ್ತದೆ. ಪ್ಲಗ್ಗಿನ ಕಿಡಿಯ ಹತ್ತಿರ ತಲುಪುವುದು ನೀರು ಮಜ್ಜಿಗೆಯಂಥ ತೆಳ್ಳಗಿನ ಮಿಶ್ರಣ. ಅದು ಹೊತ್ತಿಕೊಳ್ಳುವುದಿಲ್ಲ. ಆದ್ದರಿಂದ ಹೊರಡುವ ಹೊತ್ತಿಗೆ ಹಲವು ಪಟ್ಟು ದಟ್ಟವಾದ ಮಿಶ್ರಣ ಕೊಡಬೇಕು, ಎಂಜಿನ್ನು ಬಿಸಿಯೇರುತ್ತಿದ್ದಂತೆ ಅದನ್ನು ಹಂತಹಂತವಾಗಿ ಕಡಿಮೆ ಮಾಡಬೇಕು, ಬಿಸಿಯಾದ ಮೇಲೆ ಪೂರ್ತಿ ನಿಲ್ಲಿಸಬೇಕು. ಈ ಕೊಡುವುದು, ಕಡಿಮೆ ಮಾಡುವುದು, ನಿಲ್ಲಿಸುವುದು ಮೂರೂ ಡ್ಯಾಶ್‌ಬೋರ್ಡಿನ ಒಂದು ಗುಬುಟಿನಿಂದ ನಡೆಯಬೇಕು. ಆ ಗುಬುಟಿಗೂ ಕಾರ್ಬೊರೇಟರಿಗೂ ನಡುವೆ ಇರುವ ಕೇಬಲ್ಲು, ಲಿವರು, ಕಂಬಿ, ಸ್ಪ್ರಿಂಗುಗಳ ಸಂಸಾರವನ್ನೇ ನಾವು ಚೋಕಿನ ಲಿಂಕು ಎನ್ನುವುದು. ಗುಬುಟಿನ ಮಾತನ್ನು ಕಾರ್ಬೊರೇಟರಿಗೆ ತಪ್ಪಿಲ್ಲದೆ ಮುಟ್ಟಿಸುವ ದೂತ ಅದು. ದೂತ ಸುಳ್ಳು ಹೇಳಿದರೆ ರಾಜನ ಆಜ್ಞೆಗೆ ಏನು ಬೆಲೆ?

ಇಲ್ಲಿ ನಮ್ಮೂರಿನ ಪ್ರಸಿದ್ಧ ಆಕ್ಷೇಪವೊಂದು ಬರುತ್ತದೆ. "ಹ್ವಾಯ್, ನಮ್ಮೂರಂಗೆ ಚಳಿ ಎಲ್ಲಿತ್ತ್ ಮಾರಾಯ್ರೆ? ಚೋಕ್ ಎಂತಕೆ?" ಗ್ಯಾರೇಜುಗಳಲ್ಲಿ ಈ ಮಾತನ್ನು ನಾನು ನೂರು ಸಲ ಕೇಳಿದ್ದೇನೆ. ಕೇಳುವುದಕ್ಕೆ ಸರಿಯೆಂದೇ ಕಾಣುತ್ತದೆ. ಡಿಸೆಂಬರಿನ ಬೆಳಗ್ಗೆಯೂ ಸಮುದ್ರದ ಮಗ್ಗುಲಿನ ನಮ್ಮ ಊರಲ್ಲಿ ಯಾರೂ ಸ್ವೆಟರು ಹಾಕುವುದಿಲ್ಲ. ಆದರೆ ಎಂಜಿನ್ನಿನ ಚಳಿ ನಮ್ಮ ಚಳಿಯಲ್ಲ. ಅದರ ಕೆಲಸದ ಬಿಸಿ ಸುಮಾರು 80 ಡಿಗ್ರಿ. ನಮಗೆ ಹಿತವಾದ 22 ಡಿಗ್ರಿಯ ಬೆಳಗು ಅದಕ್ಕೆ ಮಂಜುಗಡ್ಡೆಯಲ್ಲದಿದ್ದರೂ ಚಳಿಯೇ. ಮೇಲಾಗಿ ಈ ಹಳೆಯ ಕಾರುಗಳು ದಿನನಿತ್ಯ ಓಡುವವಲ್ಲ, ಹದಿನೈದು ದಿನಕ್ಕೊಮ್ಮೆ, ತಿಂಗಳಿಗೊಮ್ಮೆ ಎಬ್ಬಿಸುವಂಥವು. ಅಷ್ಟರಲ್ಲಿ ಕಾರ್ಬೊರೇಟರಿನ ತೊಟ್ಟಿಯಲ್ಲಿದ್ದ ಪೆಟ್ರೋಲಿನ ಹಗುರ ಅಂಶ ಹಾರಿಹೋಗಿ ಮಂದವಾದದ್ದು ಮಾತ್ರ ಉಳಿದಿರುತ್ತದೆ. ಹೊತ್ತಿಕೊಳ್ಳಲು ಅದು ಇನ್ನಷ್ಟು ಸೋಮಾರಿ.

ನನ್ನ ಮಾತು ನಂಬದಿದ್ದರೆ ಬಿಡಿ, ಶಿರೂರಿನ ಅಳ್ವೆಗದ್ದೆಯ ದಡಕ್ಕೆ ಬನ್ನಿ. ನಾಡದೋಣಿಗೆ ಕಟ್ಟುವ ಸೀಮೆಎಣ್ಣೆಯ ಔಟ್‌ಬೋರ್ಡ್ ಮೋಟಾರನ್ನು ನಮ್ಮ ಮೀನುಗಾರರು ಹೇಗೆ ಎಬ್ಬಿಸುತ್ತಾರೆ ನೋಡಿ. ಮೊದಲು ಪೆಟ್ರೋಲು, ಚೋಕು ಎಳೆದು ಹಗ್ಗ ಜಗ್ಗುವುದು. ಹೊತ್ತಿಕೊಂಡ ಮೇಲೆ ಚೋಕು ಒಳಕ್ಕೆ. ಮೋಟಾರು ಬಿಸಿಯಾದ ಮೇಲೆ ಸೀಮೆಎಣ್ಣೆ. ಅದೇ ಊರು, ಅದೇ ಹವೆ, ಅದೇ ಉಪ್ಪುಗಾಳಿ. ಅವರಲ್ಲಿ ಒಬ್ಬರನ್ನು ನಾನೊಮ್ಮೆ "ಚೋಕು ಬೇಡ ಎನ್ನುತ್ತಾರಲ್ಲ?" ಎಂದು ಕೆಣಕಿದೆ. "ಚೋಕ್ ಇಲ್ದಿರೆ ಮೋಟರ್ ಸ್ಟಾರ್ಟ್ ಆತಿಲ್ಲೆ. ತೆರಿ ಬಪ್ಪತಿಗೆ ಹಗ್ಗ ಎಳ್ಕಂಡ್ ನಿಂತ್ಕಂಬುಕ್ ಆತ್ತಾ?" ಎಂದರು. ಕಡಲಿಗೆ ಹೋಗುವವರು ಚೋಕಿಗೆ ತಂತಿ ಕಟ್ಟುವುದಿಲ್ಲ. ಯಾಕೆಂದರೆ ಕಡಲು "ನಡೀತದೆ ಬಿಡಿ" ಎಂಬ ಮಾತನ್ನು ಒಪ್ಪುವುದಿಲ್ಲ. ರಸ್ತೆ ಒಪ್ಪುತ್ತದೆ ಎಂದು ನಾವು ತಿಳಿದಿದ್ದೇವೆ. ಅದೂ ಒಪ್ಪುವುದಿಲ್ಲ, ಸ್ವಲ್ಪ ತಡವಾಗಿ ತಿಳಿಸುತ್ತದೆ ಅಷ್ಟೆ.

ಇನ್ನೊಂದು ಸಂಗತಿ. 2025ರ ಹೊತ್ತಿಗೆ ನಮ್ಮ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥನಾಲ್ ಬೆರೆತಿದೆ. ಎಥನಾಲ್ ಆವಿಯಾಗಲು ಪೆಟ್ರೋಲಿಗಿಂತ ಹೆಚ್ಚು ಶಾಖ ಬೇಕು. ಅದರೊಳಗೇ ಆಮ್ಲಜನಕ ಇರುವುದರಿಂದ ಅದೇ ಜೆಟ್ಟಿನಲ್ಲಿ ಹರಿದರೆ ಮಿಶ್ರಣ ಇನ್ನೂ ತೆಳ್ಳಗಾಗುತ್ತದೆ. 1960ರ ದಶಕದ ಕಾರ್ಬೊರೇಟರಿನ ಜೆಟ್ಟುಗಳಿಗೆ ತೂತು ಕೊರೆದವರು ಈ ಇಂಧನವನ್ನು ಕನಸಿನಲ್ಲೂ ಕಂಡವರಲ್ಲ. ಅಂದರೆ ತಣ್ಣನೆಯ ಎಂಜಿನ್ನನ್ನು ಎಬ್ಬಿಸುವುದು ಹಿಂದಿಗಿಂತ ಇವತ್ತು ಕಷ್ಟ. ಸರಿಯಾದ ಚೋಕು ಹಿಂದಿಗಿಂತ ಇವತ್ತು ಹೆಚ್ಚು ಬೇಕು. ನಾವು ಮಾತ್ರ ಇವತ್ತೇ ಅದನ್ನು ಕಿತ್ತು ತಂತಿ ಕಟ್ಟುತ್ತಿದ್ದೇವೆ.

ಹಾಗಾದರೆ ಸರಿಯಾದ ಲಿಂಕು ಯಾವುದು? ಇಲ್ಲಿಯೇ ಗೊಂದಲದ ಬೇರು ಇರುವುದು. ಚೋಕು ಎಂಬುದು ಹೆಸರೊಂದೇ, ವಸ್ತು ಹಲವು. ನಮ್ಮ ಶಿರೂರಿನ ಹಾಗೆ. ಬೈಂದೂರು ತಾಲೂಕಿನ ಬಡಗಣ ತುದಿಯಲ್ಲಿ, ಭಟ್ಕಳಕ್ಕೆ ಬೆನ್ನು ಕೊಟ್ಟು ಇರುವುದು ನಮ್ಮ ಶಿರೂರು. ಉಡುಪಿಯ ಅಷ್ಟಮಠಗಳಲ್ಲೊಂದಕ್ಕೆ ಹೆಸರು ಕೊಟ್ಟ ಶಿರೂರು ಬೇರೆ. 2024ರ ಜುಲೈಯಲ್ಲಿ ಗುಡ್ಡ ಕುಸಿದ ಅಂಕೋಲೆಯ ಶಿರೂರು ಮತ್ತೂ ಬೇರೆ. ನಾನು ತರಿಸಿದ ಪಾರ್ಸೆಲೊಂದು ಬೇರೆ ಶಿರೂರನ್ನು ಸುತ್ತಿ ಹನ್ನೆರಡು ದಿನಗಳ ನಂತರ ಬಂದದ್ದುಂಟು. ಹೆಸರು ಒಂದೇ ಎಂದು ವಿಳಾಸ ಒಂದಾಗುತ್ತದೆಯೇ? ಚೋಕಿನ ವಿಷಯದಲ್ಲಿ ನಮ್ಮ ಗ್ಯಾರೇಜುಗಳು ಮಾಡುವುದು ಇದನ್ನೇ. ಬಿಡಿಭಾಗದ ಅಂಗಡಿಯಲ್ಲಂತೂ ಇನ್ನೊಂದು ಫಜೀತಿ. ಬ್ರಿಟಿಷರ ಹಳೆಯ ಕೈಪಿಡಿಗಳಲ್ಲಿ ಕಾರ್ಬೊರೇಟರಿನ ನಡುವಿನ ಕಿರಿದಾದ ಕೊಳವೆಯನ್ನೂ ಚೋಕು ಎಂದೇ ಕರೆದಿದ್ದಾರೆ. ಸುಮ್ಮನೆ "ಚೋಕು ಕೊಡಿ" ಎಂದವರಿಗೆ ಏನು ಕೊಡಬೇಕು ಎಂದು ನಾನು ಎಷ್ಟೋ ಸಲ ಗಲ್ಲಕ್ಕೆ ಕೈಹಚ್ಚಿ ಕುಳಿತಿದ್ದೇನೆ.

ನಮ್ಮ ರಸ್ತೆಗಳಲ್ಲಿ ಓಡಿದ ಹಳೆಯ ವಾಹನಗಳಲ್ಲಿ ಮುಖ್ಯವಾಗಿ ಮೂರು ಬಗೆ. ಜೀಪಿನ ಕಾರ್ಟರ್ ಕಾರ್ಬೊರೇಟರಿನಲ್ಲಿ ಗಾಳಿ ಬರುವ ಬಾಯಿಗೆ ಒಂದು ತಟ್ಟೆ ಇದೆ. ಚೋಕು ಎಳೆದರೆ ಆ ತಟ್ಟೆ ಮುಚ್ಚಿಕೊಂಡು ಗಾಳಿಯ ದಾರಿ ಕಟ್ಟುತ್ತದೆ. ಹೆಸರಿಗೆ ಒಪ್ಪುವಂತೆ ನಿಜವಾಗಿ ಕತ್ತು ಹಿಸುಕುವ ಚೋಕು ಇದು. ಬರೀ ಅಷ್ಟೇ ಆದರೆ ಎಂಜಿನ್ನು ಹೊತ್ತಿಕೊಂಡರೂ ಕೆಮ್ಮಿ ನಿಲ್ಲುತ್ತದೆ. ಅದಕ್ಕಾಗಿ ಚೋಕಿನ ಲಿವರಿನಿಂದ ಥ್ರಾಟಲಿನ ಲಿವರಿಗೆ ಒಂದು ಕಂಬಿ ಉಂಟು. ಚೋಕು ಮುಚ್ಚುತ್ತಿದ್ದಂತೆ ಅದು ಥ್ರಾಟಲನ್ನು ಕೂದಲೆಳೆಯಷ್ಟು ತೆರೆಯುತ್ತದೆ. ಆ ಕಂಬಿಯ ನಡುವೆ ಬೇಕೆಂದೇ ಒಂದು ಸೊಟ್ಟ ಇಟ್ಟಿದ್ದಾರೆ. ಆ ಸೊಟ್ಟವನ್ನು ಸ್ವಲ್ಪ ಹೆಚ್ಚು ಕಡಿಮೆ ಬಾಗಿಸುವುದೇ ಹೊಂದಾಣಿಕೆ. ಇದನ್ನು ತಿಳಿಯದ ಪುಣ್ಯಾತ್ಮರು "ಕಂಬಿ ಬಾಗಿದೆ" ಎಂದು ಸುತ್ತಿಗೆಯಿಂದ ತಟ್ಟಿ ನೆಟ್ಟಗೆ ಮಾಡಿದ್ದನ್ನು ನಾನು ಕಂಡಿದ್ದೇನೆ.

ಹಳೆಯ ಅಂಬಾಸಿಡರುಗಳಲ್ಲಿದ್ದ ಎಸ್.ಯು. ಕಾರ್ಬೊರೇಟರಿನಲ್ಲಿ ತಟ್ಟೆಯೇ ಇಲ್ಲ. ಅಲ್ಲಿ ಚೋಕು ಗಾಳಿಯನ್ನು ಕಟ್ಟುವುದಿಲ್ಲ, ಪೆಟ್ರೋಲನ್ನು ಹೆಚ್ಚಿಸುತ್ತದೆ. ಮೊನೆಯಾದ ಸೂಜಿಯೊಂದು ಜೆಟ್ಟಿನೊಳಗೆ ಇಳಿದಿರುತ್ತದೆ. ಚೋಕು ಎಳೆದರೆ ಜೆಟ್ಟೇ ಕೆಳಗೆ ಸರಿದು ಸೂಜಿಯ ಸುತ್ತಲಿನ ಸಂದು ದೊಡ್ಡದಾಗುತ್ತದೆ. ಇಲ್ಲಿನ ಪ್ರಾಣವಿರುವುದು ಜೆಟ್ಟು ಪೂರ್ತಿ ಮೇಲಕ್ಕೆ ಮರಳುವುದರಲ್ಲಿ. ಕೇಬಲ್ಲಿಗೆ ಸುಮಾರು ಒಂದೂವರೆ ಮಿಲಿಮೀಟರಿನಷ್ಟು ಸಡಿಲ ಬಿಡಬೇಕು. ಬಿಗಿಯಾಗಿ ಕಟ್ಟಿದರೆ ಗುಬುಟು ಒಳಗೆ ಹೋದರೂ ಜೆಟ್ಟು ಅರ್ಧದಾರಿಯಲ್ಲಿ ನೇತಾಡುತ್ತದೆ.

ಮೂರನೆಯದು ಫಿಯಟ್ಟಿನ ಸೋಲೆಕ್ಸ್. ಇದರಲ್ಲಿ ತಟ್ಟೆಯೂ ಇಲ್ಲ, ಇಳಿಯುವ ಜೆಟ್ಟೂ ಇಲ್ಲ. ಪಕ್ಕದಲ್ಲಿ ಪ್ರತ್ಯೇಕವಾದ ಒಂದು ಪುಟ್ಟ ಕಾರ್ಬೊರೇಟರೇ ಇದೆ, ಹೊರಡುವ ಕೆಲಸಕ್ಕೆಂದೇ ಇಟ್ಟದ್ದು. ಅದರ ಬಾಗಿಲು ದೊಡ್ಡ ಸಣ್ಣ ತೂತುಗಳಿರುವ ಒಂದು ಬಿಲ್ಲೆ. ಲಿವರು ಪೂರ್ತಿ ಎಳೆದಾಗ ದೊಡ್ಡ ತೂತು, ಅರ್ಧಕ್ಕೆ ತಂದಾಗ ಸಣ್ಣ ತೂತು, ಒಳಕ್ಕೆ ತಳ್ಳಿದಾಗ ಬಾಗಿಲು ಬಂದ್. ಇದರ ಗುಟ್ಟು ಏನೆಂದರೆ, ಹೊರಡುವಾಗ ಥ್ರಾಟಲು ಪೂರ್ತಿ ಮುಚ್ಚಿರಬೇಕು. ಮುಚ್ಚಿದ್ದರೆ ಮಾತ್ರ ಎಂಜಿನ್ನಿನ ಸೆಳೆತವೆಲ್ಲ ಆ ಪುಟ್ಟ ದಾರಿಗೆ ಬಿದ್ದು ಪೆಟ್ರೋಲು ಮೇಲೆ ಬರುತ್ತದೆ. ಅದಕ್ಕೇ ಹಳೆಯ ಫಿಯಟ್ ಚಾಲಕರು "ಎಕ್ಸಲೇಟರಿಗೆ ಕಾಲು ತಾಗಿಸಬೇಡ" ಎಂದು ಮಕ್ಕಳಿಗೆ ಹೇಳಿಕೊಡುತ್ತಿದ್ದದ್ದು.

ಈಗ ನೋಡಿ ತಮಾಷೆ. ಜೀಪಿನ ಲಿಂಕು ಥ್ರಾಟಲನ್ನು ತೆರೆಯಬೇಕು. ಸೋಲೆಕ್ಸಿನದು ತೆರೆಯಲೇಬಾರದು. ಒಂದರಲ್ಲಿ ಸರಿಯಾದದ್ದು ಇನ್ನೊಂದರಲ್ಲಿ ತಪ್ಪು. ಎರಡನ್ನೂ ಚೋಕೆಂದು ಕರೆದು ಜೀಪಿನ ಬುದ್ಧಿಯನ್ನು ಫಿಯಟ್ಟಿಗೆ ಹಚ್ಚಿದರೆ ಏನಾಗುತ್ತದೆ?

ಏನಾಗುತ್ತದೆ ಎನ್ನುವುದನ್ನು ನಮ್ಮ ನೆಂಟರ ಮನೆಯವರು ಅನುಭವಿಸಿದ್ದಾರೆ. ಬೊಂಬಾಯಿಯಲ್ಲಿ ಹೋಟೆಲು ನಡೆಸುತ್ತಿದ್ದ ಕಾಲದಲ್ಲಿ ಕೊಂಡು ಊರಿಗೆ ತಂದ 1966ರ ಫಿಯಟ್ ಡಿಲೈಟ್ ಅವರದು. ಮಗಳ ಮದುವೆಗೆಂದು ಅದನ್ನು ಹೊಸದು ಮಾಡಲು ಒಂದು ಗ್ಯಾರೇಜಿಗೆ ಕೊಟ್ಟರು. ಊರು, ಹೆಸರು ಬೇಡ. ಬಣ್ಣಕ್ಕೂ ಕ್ರೋಮಿಗೂ ಒಂದೂವರೆ ಲಕ್ಷದ ಹತ್ತಿರ ಆಯಿತು. ಕಾರು ಬಂದಾಗ ಮೈಯಲ್ಲಿ ಮುಖ ಕಾಣುತ್ತಿತ್ತು. ಬೆಳಗ್ಗೆ ಎಬ್ಬಿಸಲು ಮಾತ್ರ ನಾಲ್ಕು ಜನ ದೂಡಬೇಕಾಗುತ್ತಿತ್ತು. ಗ್ಯಾರೇಜಿನವರು ಸ್ಟಾರ್ಟರಿನ ಲಿವರಿನಿಂದ ಥ್ರಾಟಲಿನ ಲಿವರಿಗೆ ಜಿ.ಐ. ತಂತಿ ಬಿಗಿದಿದ್ದರು. ಚೋಕು ಎಳೆದರೆ ಥ್ರಾಟಲು ತೆರೆಯುತ್ತಿತ್ತು, ಸೆಳೆತ ಅತ್ತ ಸೋರಿಹೋಗುತ್ತಿತ್ತು, ಪುಟ್ಟ ದಾರಿಯಲ್ಲಿ ಪೆಟ್ರೋಲೇ ಬರುತ್ತಿರಲಿಲ್ಲ. ಬರೀ ಇಷ್ಟಾಗಿದ್ದರೆ ದೂಡುವವರ ಬೆವರಿನಲ್ಲಿ ಮುಗಿಯುತ್ತಿತ್ತು. ಮದುವೆಯ ಮಾರನೆಯ ದಿನ ಕೊಲ್ಲೂರಿಗೆ ಹೋಗಿ ಬೈಂದೂರಿನ ಕಡೆಗೆ ಮರಳುವಾಗ, ಒಂದು ಇಳಿಜಾರಿನ ತಿರುವಿನಲ್ಲಿ, ಎಕ್ಸಲೇಟರಿನಿಂದ ಕಾಲು ತೆಗೆದರೂ ಎಂಜಿನ್ನು ಇಳಿಯಲಿಲ್ಲ. ತಂತಿಯ ತಿರುಚಿದ ತುದಿ ಥ್ರಾಟಲಿನ ಸ್ಪ್ರಿಂಗಿನ ಕೊಂಡಿಗೆ ಸಿಕ್ಕಿಕೊಂಡಿತ್ತು. ಹಿಂದಿನ ಸೀಟಿನಲ್ಲಿ ಮೂರು ಮಕ್ಕಳು. ಚಾಲಕರು ಹಳಬರು. ಗೇರು ಬಿಡಿಸದೆ ಕೀಲಿ ತಿರುಗಿಸಿ ಎಂಜಿನ್ನು ನಿಲ್ಲಿಸಿ, ಬ್ರೇಕಿನಲ್ಲಿ ಕಾರನ್ನು ರಸ್ತೆಯ ಅಂಚಿಗೆ ತಂದರು. ಅಷ್ಟು ಹೊತ್ತಿಗೆ ಎದುರಿನಿಂದ ಬಸ್ಸು ಬರಲಿಲ್ಲ. ಮೂಕಾಂಬಿಕೆಯ ದಯೆ ಎಂದು ಮನೆಯವರು ಹೇಳುತ್ತಾರೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ.

ಗ್ಯಾರೇಜಿನವರನ್ನು ಕೇಳಿದ್ದಕ್ಕೆ ಬಂದ ಉತ್ತರ: "ಹಳಿ ಗಾಡಿ ಅಲ್ದಾ, ಹೀಂಗೆಲ್ಲ ಆತ್ತ್." ನನಗೆ ಸಿಟ್ಟು ಬರುವುದು ಈ ಮಾತಿಗೆ. ಕಾರು 1966ರದು ನಿಜ. ತಂತಿ ಆ ತಿಂಗಳದ್ದು. ಅರವತ್ತರ ಹತ್ತಿರಕ್ಕೆ ಬಂದ ಕಾರಿನ ಯಾವ ಭಾಗವೂ ಅವತ್ತು ಕೈಕೊಡಲಿಲ್ಲ, ಕೈಕೊಟ್ಟದ್ದು ಹೊಸದಾಗಿ ಸೇರಿಸಿದ ಒಂದೇ ಒಂದು ವಸ್ತು. "ಹಳೆ ಗಾಡಿ" ಎಂಬ ಎರಡು ಪದಗಳ ಮರೆಯಲ್ಲಿ ಎಷ್ಟು ಹೊಸ ಅಪರಾಧಗಳು ಅಡಗಿ ಕುಳಿತಿವೆ ಎಂದು ಒಮ್ಮೆ ಯೋಚಿಸಿ.

ಜೀವಕ್ಕೆ ಅಪಾಯವಾಗದಿದ್ದರೂ ಎಂಜಿನ್ನಿಗೆ ಅಪಾಯ ತಪ್ಪಿದ್ದಲ್ಲ. ಕೇಬಲ್ಲು ಉಪ್ಪುಗಾಳಿಗೆ ತುಕ್ಕು ಹಿಡಿದು, ಅಥವಾ ತಂತಿ ಅಡ್ಡ ಬಂದು, ಚೋಕು ಕಾಲುಭಾಗ ಎಳೆದ ಸ್ಥಿತಿಯಲ್ಲೇ ಉಳಿಯಿತು ಎನ್ನಿ. ಕಾರು ಓಡುತ್ತದೆ. ಓಡುವುದೇ ತೊಂದರೆ, ಓಡುವ ಕಾರನ್ನು ಯಾರೂ ಅನುಮಾನಿಸುವುದಿಲ್ಲ. ಒಳಗೆ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲು ಸುರಿಯುತ್ತಿರುತ್ತದೆ. ಉರಿಯದೆ ಉಳಿದದ್ದು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲು ತೆಳ್ಳಗಾಗುತ್ತದೆ, ಪಿಸ್ಟನ್ನಿನ ರಿಂಗು ಸವೆಯುತ್ತದೆ, ಪ್ಲಗ್ಗು ಕಾಡಿಗೆಯಂತೆ ಕಪ್ಪಾಗುತ್ತದೆ. ಆರು ತಿಂಗಳ ನಂತರ "ಬೋರು ಹೋಗಿದೆ, ಎಂಜಿನ್ ಬಿಚ್ಚಬೇಕು" ಎಂಬ ತೀರ್ಪು ಬರುತ್ತದೆ. ಬೆರಳುದ್ದದ ಕಂಬಿಯಲ್ಲಿ ಉಳಿಸಿದ ದುಡ್ಡಿಗೆ ಎಂಜಿನ್ನೇ ಬಡ್ಡಿ ಕಟ್ಟುತ್ತದೆ.

ಹಾಗೆಂದು ಎಲ್ಲ ತಪ್ಪನ್ನೂ ಗ್ಯಾರೇಜಿನ ಹುಡುಗರ ತಲೆಗೆ ಕಟ್ಟುವವನು ನಾನಲ್ಲ. ನಮ್ಮ ದೇಶದ ಹೊಸ ಕಾರುಗಳಿಂದ ಕಾರ್ಬೊರೇಟರು ಮರೆಯಾಗತೊಡಗಿದ್ದು 2000ದ ಆಸುಪಾಸಿನಲ್ಲಿ. 2020ರಿಂದ ಹೊಸ ಬೈಕುಗಳಲ್ಲೂ ಅದು ಇಲ್ಲವಾಗುತ್ತ ಬಂತು. ಇಪ್ಪತ್ತೈದು ವರ್ಷದ ಹುಡುಗನೊಬ್ಬ ಸೋಲೆಕ್ಸಿನ ಬಿಲ್ಲೆಯನ್ನು ಎಲ್ಲಿ ನೋಡಬೇಕು? ಅವನಿಗೆ ಕಲಿಸಬಲ್ಲ ಮೇಸ್ತ್ರಿಗಳು ಎಪ್ಪತ್ತು ದಾಟಿ ಜಗಲಿಯಲ್ಲಿ ಕುಳಿತಿದ್ದಾರೆ. ಅವರನ್ನು ಕರೆತಂದು ಕುರ್ಚಿ ಹಾಕಿ ಕೂರಿಸಿ "ಹೀಗಾ, ಹಾಗಾ" ಎಂದು ಕೇಳುವ ಸಂಬಳವನ್ನು ಯಾರು ಕೊಡುತ್ತಾರೆ? ಮಾಲಿಕ ಕೊಡಬೇಕು. ಮಾಲಿಕ ಬಣ್ಣಕ್ಕೆ ಲಕ್ಷ ಕೊಡುತ್ತಾನೆ. ಚೋಕಿನ ಲಿಂಕು ಹೊಂದಿಸಲು ಒಂದು ದಿನದ ಕೂಲಿ ಬರೆದರೆ "ಇದಕ್ಕೆಂತ ಸಾವಿರ ರೂಪಾಯಿ?" ಎಂದು ಗೆರೆ ಎಳೆಯುತ್ತಾನೆ. ಹೊಳೆಯುವುದಕ್ಕೆ ಹಣ, ನಡೆಯುವುದಕ್ಕೆ ಚೌಕಾಸಿ. ಆಟದ ಮೇಳವೊಂದು ಕಿರೀಟ, ಭುಜಕೀರ್ತಿಗಳಿಗೆ ಚಿನ್ನದ ಬೇಗಡೆ ಹಚ್ಚಿ, ಮದ್ದಳೆಯವರಿಗೆ ಸಂಬಳ ಇಲ್ಲವೆಂದರೆ ಹೇಗಿರುತ್ತದೋ ಹಾಗೆ. ವೇಷ ರಂಗಕ್ಕೆ ಬಂದೀತು, ಹೆಜ್ಜೆ ಎಲ್ಲಿ ಹಾಕಬೇಕು?

ಇದರ ಇನ್ನೊಂದು ತುದಿಯಲ್ಲಿ ನಿಂತವರ ಜೊತೆಯೂ ನನಗೆ ಜಗಳವಿದೆ. ಅವರು ಶುದ್ಧಾಚಾರದವರು. ಬಿಡಿಭಾಗ ಇಟಲಿಯಿಂದಲೇ ಬರಬೇಕು, ಅದರ ಮೇಲೆ ಮೂಲ ಕಂಪನಿಯ ಮುದ್ರೆಯೇ ಇರಬೇಕು, ಇಲ್ಲದಿದ್ದರೆ ಕಾರು ಮೈಲಿಗೆ. ಅಂಥದ್ದು ಸಿಗುವವರೆಗೆ ಎಂದು ಹೇಳಿ ಅವರೂ ತಾತ್ಕಾಲಿಕವಾಗಿ ತಂತಿಯನ್ನೇ ಕಟ್ಟುತ್ತಾರೆ. ತಾತ್ಕಾಲಿಕ ಎನ್ನುವುದು ನಮ್ಮಲ್ಲಿ ಹತ್ತು ವರ್ಷ ಬಾಳುತ್ತದೆ. ಉತ್ತರಪಾಡಾದಲ್ಲಿ ಅಂಬಾಸಿಡರು ತಯಾರಿಕೆ ನಿಂತದ್ದು 2014ರಲ್ಲಿ. ಮುಂಬಯಿಯ ರಸ್ತೆಯಿಂದ ಕೊನೆಯ ಪದ್ಮಿನಿ ಟ್ಯಾಕ್ಸಿ ಇಳಿದದ್ದು 2023ರ ಅಕ್ಟೋಬರಿನಲ್ಲಿ. ಟ್ಯಾಕ್ಸಿಗಳು ಓಡುತ್ತಿದ್ದಷ್ಟು ಕಾಲ ನನ್ನ ಅಂಗಡಿಗೆ ಫಿಯಟ್ಟಿನ ಮಾಲು ಮುಂಬಯಿಯಿಂದ ಬರುತ್ತಿತ್ತು. ಇನ್ನು ಮುದ್ರೆಯ ಮಾಲಿಗಾಗಿ ಕಾಯುವುದು ಬತ್ತಿದ ಬಾವಿಗೆ ಕೊಡ ಇಳಿಸಿದಂತೆ.

ಸರಿಯಾದದ್ದು ಎಂದರೆ ಹೊರದೇಶದ್ದು ಎಂದಲ್ಲ, ಹಳೆಯದು ಎಂದೂ ಅಲ್ಲ. ಲಿವರಿನ ಉದ್ದ, ತೂತಿನ ಅಂತರ, ಬಾಗಿದ ಕೋನ, ಸ್ಪ್ರಿಂಗಿನ ಬಿಗಿ, ಕೈ ಎಳೆದಷ್ಟೇ ಬಿಲ್ಲೆ ತಿರುಗುವ ಸಂಬಂಧ, ಇವು ಸರಿಯಿದ್ದರೆ ಅದು ಸರಿಯಾದ ಲಿಂಕು. ಅದನ್ನು ಕುಂದಾಪುರದ ಲೇತಿನಲ್ಲಿ ಮಾಡಿದರೇನು, ಟೂರಿನಿನಲ್ಲಿ ಮಾಡಿದರೇನು? ಅದೇ ಬಗೆಯ ಇನ್ನೊಂದು ಕಾರಿನಿಂದ ಅಳತೆ ತೆಗೆದು, ಒಳ್ಳೆಯ ಉಕ್ಕಿನ ಕಂಬಿಯಿಂದ, ತುದಿಗೆ ಪಿನ್ನಿನ ತೂತು ಕೊರೆದು ಮಾಡಿಕೊಡುವ ಕೈಗಳು ನಮ್ಮಲ್ಲಿ ಇನ್ನೂ ಇವೆ. ತಂತಿಗೂ ಇದಕ್ಕೂ ವ್ಯತ್ಯಾಸ ಲೋಹದ್ದಲ್ಲ, ಅಳತೆಯದು.

ಜೋಡಿಸುವ ಕ್ರಮವೂ ಬ್ರಹ್ಮವಿದ್ಯೆಯಲ್ಲ. ಕಾರ್ಬೊರೇಟರಿನ ಮೈಮೇಲೆ ಕೊರೆದ ಅಕ್ಷರ, ಅಂಕೆಗಳನ್ನು ಓದಿ ಅದು ಯಾವ ಬಗೆಯದೆಂದು ಮೊದಲು ಗೊತ್ತುಮಾಡಿಕೊಳ್ಳಬೇಕು. ಕಾರಿನ ಹೆಸರನ್ನು ನಂಬಬಾರದು, ಯಾಕೆಂದರೆ ನಡುವೆ ಯಾರಾದರೂ ಬದಲಿಸಿರಬಹುದು. ಕೇಬಲ್ಲಿನ ಹೊರಕವಚವನ್ನು ಕ್ಲಿಪ್ಪಿನಿಂದ ಭದ್ರ ಮಾಡಬೇಕು. ಅದು ಸಡಿಲವಿದ್ದರೆ ಎಳೆದಾಗ ಒಳತಂತಿಯ ಬದಲು ಕವಚವೇ ಕುಣಿಯುತ್ತದೆ. ಗುಬುಟನ್ನು ಪೂರ್ತಿ ಒಳಕ್ಕೆ ತಳ್ಳಿ, ಎರಡು ಮೂರು ಮಿಲಿಮೀಟರು ಹಿಂದಕ್ಕೆ ತಂದು, ಲಿವರನ್ನು ಬಂದ್ ಇರುವ ಸ್ಥಾನದಲ್ಲಿ ಬೆರಳಿನಿಂದ ಹಿಡಿದು, ಆ ಸ್ಥಿತಿಯಲ್ಲೇ ಒಳತಂತಿಯ ಸ್ಕ್ರೂ ಬಿಗಿಯಬೇಕು. ಆಮೇಲೆ ಒಬ್ಬರು ಒಳಗೆ ಕುಳಿತು ಗುಬುಟು ಎಳೆಯಬೇಕು, ಇನ್ನೊಬ್ಬರು ಬಾನೆಟ್ಟಿನ ಕೆಳಗೆ ನೋಡಬೇಕು. ಪೂರ್ತಿ ಎಳೆದಾಗ ಲಿವರು ಕೊನೆ ಮುಟ್ಟಿತೇ? ಸೋಲೆಕ್ಸಾದರೆ ನಡುವಿನ ಹಂತ ಕೈಗೆ ತಿಳಿಯಿತೇ? ತಟ್ಟೆಯದಾದರೆ ಒಳಕ್ಕೆ ತಳ್ಳಿದಾಗ ತಟ್ಟೆ ನೆಟ್ಟಗೆ ನಿಂತಿತೇ? ಎಸ್.ಯು. ಆದರೆ ಜೆಟ್ಟು ಪೂರ್ತಿ ಮೇಲಕ್ಕೆ ಬಂತೇ? ಎಲ್ಲಕ್ಕಿಂತ ಮುಖ್ಯವಾಗಿ, ಚೋಕು ಯಾವ ಸ್ಥಿತಿಯಲ್ಲಿದ್ದರೂ ಎಕ್ಸಲೇಟರು ಬಿಟ್ಟ ಕೂಡಲೇ ಥ್ರಾಟಲು ತಾನಾಗಿ ತನ್ನ ಜಾಗಕ್ಕೆ ಮರಳಿತೇ? ಇಷ್ಟು ನೋಡಲು ಎರಡು ಜೊತೆ ಕಣ್ಣು, ಕಾಲು ಗಂಟೆ ಸಾಕು. ಮಳೆಗಾಲದ ಮೊದಲೊಮ್ಮೆ, ಮಳೆಗಾಲ ಕಳೆದ ಮೇಲೊಮ್ಮೆ ಕೇಬಲ್ಲಿಗೆ ಎಣ್ಣೆ ಬಿಟ್ಟರೆ ನಮ್ಮ ಉಪ್ಪುಗಾಳಿಯನ್ನೂ ತಡೆಯಬಹುದು.

ಸರಕಾರದ ಕಣ್ಣೂ ಮೇಲ್ಮೈಯಲ್ಲೇ ನಿಂತಿದೆ. 2021ರ ಜುಲೈಯಲ್ಲಿ ಕೇಂದ್ರ ಸರಕಾರ ವಿಂಟೇಜ್ ವಾಹನಗಳಿಗೆಂದೇ ನಿಯಮ ಮಾಡಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಷಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಬದಲಾವಣೆ ಆಗದ ವಾಹನಕ್ಕೆ 20,000 ರೂಪಾಯಿ ಶುಲ್ಕ ಕಟ್ಟಿದರೆ "ವಿಎ" ಅಕ್ಷರಗಳಿರುವ ನಂಬರು ಸಿಗುತ್ತದೆ. ಪ್ರದರ್ಶನಕ್ಕೆ, ರ‍್ಯಾಲಿಗೆ, ದುರಸ್ತಿಗೆ ರಸ್ತೆಗಿಳಿಸಬಹುದು, ಬಾಡಿಗೆಗೆ ಓಡಿಸುವಂತಿಲ್ಲ. ನಿಯಮ ಒಳ್ಳೆಯದೇ. ಆದರೆ ಷಾಸಿ ಬದಲಾದರೆ ಮೂಲರೂಪ ಕೆಟ್ಟಿತೆನ್ನುವ ನಾವು, ಕಾರ್ಬೊರೇಟರಿಗೆ ಬೇಲಿತಂತಿ ಕಟ್ಟಿದರೆ ಕೆಡಲಿಲ್ಲವೆಂದು ತಿಳಿಯುತ್ತೇವೆ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯದ ಹಳೆಯ ಕಾರುಗಳ ಮುಂದೆ ನಾನು ಎಷ್ಟೋ ಹೊತ್ತು ನಿಂತಿದ್ದೇನೆ. ಬರುವವರು ದೀಪ ನೋಡುತ್ತಾರೆ, ಚಕ್ರ ನೋಡುತ್ತಾರೆ, ಪಟ ತೆಗೆಯುತ್ತಾರೆ. "ಇದನ್ನು ಬೆಳಗ್ಗೆ ಹೇಗೆ ಎಬ್ಬಿಸುತ್ತಿದ್ದರು?" ಎಂದು ಕೇಳಿದ ಒಂದು ಮಗುವನ್ನೂ ನಾನು ಕಾಣಲಿಲ್ಲ. ಮಕ್ಕಳ ತಪ್ಪಲ್ಲ. ನಾವು ಬಾನೆಟ್ಟು ಮುಚ್ಚಿಯೇ ತೋರಿಸಿದವರು.

ಆದ್ದರಿಂದ ಹಳೆಯ ಕಾರು ಇಟ್ಟುಕೊಂಡವರಲ್ಲಿ ನನ್ನ ಒತ್ತಾಯ ಮೂರು. ಕಾರು ತೋರಿಸುವ ಜಾಗದಲ್ಲೆಲ್ಲ ಬಾನೆಟ್ಟು ತೆರೆದಿಡಿ. ಬಹುಮಾನ ಕೊಡುವವರು ಬಣ್ಣಕ್ಕೆ ಕೊಡುವ ಅಂಕದಷ್ಟೇ ಅಂಕವನ್ನು ತಣ್ಣಗಿರುವ ಎಂಜಿನ್ನು ಎಷ್ಟು ಸರಾಗವಾಗಿ ಏಳುತ್ತದೆ ಎನ್ನುವುದಕ್ಕೂ ಕೊಡಲಿ. ಗ್ಯಾರೇಜಿನ ಬಿಲ್ಲಿನಲ್ಲಿ ಚೋಕು, ಥ್ರಾಟಲಿನ ಲಿಂಕಿಗೆ ಬೇರೆಯೇ ಒಂದು ಸಾಲು ಇರಲಿ. ಆ ಸಾಲಿನ ದುಡ್ಡನ್ನು ಚೌಕಾಸಿ ಮಾಡದೆ ಕೊಡಿ, ಕೊಟ್ಟ ಮೇಲೆ ಕೆಲಸವನ್ನು ಕಣ್ಣಾರೆ ನೋಡಿ. ಜಗಲಿಯಲ್ಲಿ ಕುಳಿತ ಹಳೆಯ ಮೇಸ್ತ್ರಿಯ ಪಕ್ಕದಲ್ಲಿ ಒಬ್ಬ ಹುಡುಗನನ್ನು ಈ ವರ್ಷವೇ ಕೂರಿಸಿ, ಮುಂದಿನ ವರ್ಷ ಎನ್ನಬೇಡಿ. ಬಿಡಿಭಾಗ ಮುಗಿದರೆ ಲೇತಿನಲ್ಲಿ ಮಾಡಿಸಬಹುದು. ಅಳತೆ ಬಲ್ಲವರು ಮುಗಿದರೆ ಯಾವ ಲೇತಿನಲ್ಲಿ ಮಾಡಿಸುತ್ತೀರಿ?

ಇಷ್ಟು ಮಾಡಲು ಮನಸ್ಸಿಲ್ಲದವರು ಕಾರನ್ನು ಹುಲ್ಲುಕುತ್ರಿಯ ಪಕ್ಕದಲ್ಲೇ ಬಿಟ್ಟುಬಿಡಲಿ. ಅಲ್ಲಿ ಅದರಿಂದ ಯಾರಿಗೂ ಕೇಡಿಲ್ಲ, ಕೋಳಿಗಾದರೂ ಉಪಕಾರವಿದೆ.